ಅಜ್ಜಿಯ ಬಟ್ಟೆಗಂಟು: ಬಿಸಾಡೋ ಮುಂಚೆ ಒಂದು ಮಾತು ಕೇಳಿ

ಇವತ್ತಿನ ಕಂತು ಅಟ್ಟದ ಮೇಲಿನ ಒಂದು ಗಂಟಿನ ಬಗ್ಗೆ.

ಕುಮಟಾ, ಹೊನ್ನಾವರ, ಭಟ್ಕಳ ಕಡೆಯ ಹಳೇ ಮನೆಗಳಲ್ಲಿ ನೀವಿದನ್ನು ನೋಡಿರ್ತೀರಿ. ಒಂದು ಟ್ರಂಕು, ಪಕ್ಕದಲ್ಲಿ ಹಳೇ ಸೀರೆಯಲ್ಲಿ ಬಿಗಿದ ಎರಡು ಮೂರು ಗಂಟು. ಒಳಗೆ ಸವೆದ ಸೀರೆ, ಲುಂಗಿ, ಮಕ್ಕಳ ಫ್ರಾಕು, ಶಾಲೆಯ ಯೂನಿಫಾರ್ಮು. ಯಾವತ್ತಾದ್ರೂ ಕೌದಿ ಹೊಲಿಯೋಣ ಅಂತ ಅಜ್ಜಿ ಎತ್ತಿಟ್ಟದ್ದು. ಈಗ ಸೂಜಿಗೆ ದಾರ ಪೋಣಿಸೋಕೆ ಅವರಿಗೆ ಕಣ್ಣು ಕಾಣಲ್ಲ. ಗಂಟು ಮಾತ್ರ ಹಾಗೇ ಇದೆ.

ರಜೆಗೆ ಬೆಂಗಳೂರು, ಮುಂಬೈ, ದುಬೈಯಿಂದ ಬಂದವರಿಗೆ ಅದು ಕಸ. ಅಜ್ಜಿಗೆ ಅದು ಅರ್ಧಕ್ಕೆ ನಿಂತ ಕೆಲಸ. ಜಗಳ ಶುರುವಾಗೋದೇ ಇಲ್ಲಿ. ಹಾಗಾಗಿ ನನ್ನ ಮಾತು ಇಷ್ಟೇ: ಗಂಟು ಖಾಲಿ ಮಾಡಿ, ಆದ್ರೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಯೋಚನೆ ಮಾಡಿ, ಕೌದಿ ಅನ್ನೋದೇ ಮನೆ ಖಾಲಿ ಮಾಡೋ ವಿದ್ಯೆ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹೆಂಗಸರನ್ನು ನೋಡಿ. ಉಡೋಕೆ ಬಾರದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿನವರೆಗೆ ಹೊಲೀತಾರೆ. ನಾಲ್ಕು ಮೂಲೆಗೂ ಮಡಿಸಿದ ಪುಟ್ಟ ತುಂಡು ಇಡ್ತಾರೆ, ಅದಕ್ಕೆ ಹೂವು ಅಂತಾನೇ ಹೆಸರು. ಆ ಕೌದಿಗಳು ಅಮೆರಿಕದ ಮ್ಯೂಸಿಯಂಗಳಲ್ಲೂ ಪ್ರದರ್ಶನ ಕಂಡಿವೆ. ಅಲ್ಲಿ ಹಳೇ ಬಟ್ಟೆ ಗಂಟಲ್ಲಿ ಕೂರಲ್ಲ, ಹೊದಿಕೆ ಆಗುತ್ತೆ.

ಗಂಟನ್ನು ಹಾಗೇ ಬಿಡೋಕೂ ಆಗಲ್ಲ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ. 2022ರ ಆಗಸ್ಟ್‌ನಲ್ಲಿ ಭಟ್ಕಳದಲ್ಲಿ ಒಂದೇ ದಿನಕ್ಕೆ 500 ಮಿಲಿಮೀಟರ್ ದಾಟಿತ್ತು. ಗಾಳಿಯಾಡದ ಗಂಟಿಗೆ ಬೂಷ್ಟು ಹಿಡಿಯುತ್ತೆ, ಗೆದ್ದಲು ಬರುತ್ತೆ. ನೆನಪು ಅಂತ ಇಟ್ಟದ್ದು ಕೊನೆಗೆ ಪುಡಿಯಾಗಿ ಕೈಗೆ ಬರುತ್ತೆ. ಅದಕ್ಕೇ ಚೌತಿ ಮುಂಚೆ ಮಳೆಯಲ್ಲಿ ಬಿಚ್ಚಬೇಡಿ. ದೊಡ್ಡಹಬ್ಬ ಮುಗಿದು ಬಿಸಿಲು ಬಂದ ಮೇಲೆ ಅಂಗಳದಲ್ಲಿ ಚಾಪೆ ಹಾಸಿ ಬಿಚ್ಚಿ. ರೇಷ್ಮೆಯನ್ನು ಮಾತ್ರ ನೆರಳಲ್ಲಿ ಹರವಿ.

ಈಗ ಲೆಕ್ಕ. ಒಂದು ಸೀರೆ ಸುಮಾರು ಐದೂವರೆ ಮೀಟರ್. ನಡುವೆ ಕತ್ತರಿಸಿ ಅಕ್ಕಪಕ್ಕ ಜೋಡಿಸಿದ್ರೆ ಇಬ್ಬರು ಮಲಗೋ ಕೌದಿಗೆ ಒಂದು ಪದರ. ಮೂರು ಪದರಕ್ಕೆ ಮೂರು ಸೀರೆ. ಗಂಟಲ್ಲಿ 30 ಸೀರೆ ಇದ್ರೆ ಹತ್ತು ಕೌದಿ! ಕೈಯಲ್ಲಿ ಅಷ್ಟು ಹೊಲಿಯೋರು ಯಾರು? ಈ ಲೆಕ್ಕವನ್ನು ಅಜ್ಜಿ ಮುಂದೆ ಮೆತ್ತಗೆ ಇಡಿ. ‘ಎರಡು ಕೌದಿ ಮಾಡೋಣ ಅಜ್ಜಿ, ಯಾವ್ಯಾವ ಸೀರೆ ಬೇಕು ನೀವೇ ಹೇಳಿ’ ಅನ್ನಿ. ‘ಇದನ್ನೆಲ್ಲ ಬಿಸಾಡ್ತೀನಿ’ ಅನ್ನೋದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ವಿಂಗಡಿಸೋದು ಸುಲಭ. ಬಟ್ಟೆಯನ್ನು ಎರಡೂ ಹೆಬ್ಬೆರಳಲ್ಲಿ ಹಿಡಿದು ಎಳೀರಿ. ಹರಿಯದ ಹತ್ತಿಬಟ್ಟೆ ಕೌದಿಯ ಮೇಲ್ಪದರಕ್ಕೆ. ಸ್ವಲ್ಪ ಜಾಳಾದದ್ದು ಒಳಪದರಕ್ಕೆ. ಪೂರಾ ಹರಿಯೋದು ನೆಲ ಒರೆಸೋಕೆ. ಹತ್ತಿಯೋ ಪಾಲಿಯೆಸ್ಟರೋ ಗೊತ್ತಾಗದಿದ್ರೆ ಒಂದು ಎಳೆ ಕಿತ್ತು, ದೂರ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದ ವಾಸನೆ ಬಂದು ಬೂದಿಯಾಗುತ್ತೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಉಂಡೆಯಾಗುತ್ತೆ. ಪಾಲಿಯೆಸ್ಟರ್ ಬೆವರು ಹೀರಲ್ಲ, ಕೌದಿಗೆ ಬೇಡ. ಸಂತೆಚೀಲಕ್ಕೆ ಚೆನ್ನಾಗಿರುತ್ತೆ. ಉಡೋಕೆ ಬರೋ ಬಟ್ಟೆಯನ್ನು ತೊಳೆದು, ಬೇಕಾದವರನ್ನು ಕೇಳಿ ಕೊಡಿ. ಉಳಿದದ್ದನ್ನು ಶರಾವತಿಗೋ ಅಘನಾಶಿನಿಗೋ ಎಸೀಬೇಡಿ, ಸುಡಲೂಬೇಡಿ.

ಕಷ್ಟ ಇರೋದು ನೆನಪಿನ ಬಟ್ಟೆಯಲ್ಲಿ. ತೀರಿಕೊಂಡ ಅಜ್ಜನ ಅಂಗಿ, ಮಗುವಿನ ಮೊದಲ ಫ್ರಾಕು. ಇಡೀ ಅಂಗಿ ಬೇಕಾ, ಅಂಗೈಯಗಲದ ತುಂಡು ಸಾಕಾ? ಆ ತುಂಡು ಕೌದಿಯಲ್ಲಿ ಸೇರಿದ್ರೆ ದಿನಾ ಮೈಮೇಲೆ ಇರುತ್ತೆ. ಆದ್ರೆ ಕತ್ತರಿ ನಿಮ್ಮ ಕೈಲಿ ಬೇಡ, ಅಜ್ಜಿ ಕೈಲಿರಲಿ. ಅವರು ಬೇಡ ಅಂದ್ರೆ ಬೇಡ. ಮದುವೆ ಸೀರೆಯಂಥದ್ದನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಆಗಾಗ ಮಡಿಕೆ ಬದಲಿಸಿ ಇಟ್ಟುಬಿಡಿ. ಒಂದೇ ಕಡೆ ಮಡಿಸಿಟ್ರೆ ಜರಿ ಅಲ್ಲೇ ಸೀಳುತ್ತೆ.

ಇನ್ನು ನಿಮ್ಮ ಫೋನಿಗೂ ಕೆಲಸ ಇದೆ. ಪ್ರತಿ ತುಂಡಿನ ಫೋಟೋ ತೆಗೀರಿ, ‘ಇದು ಯಾರದ್ದು ಅಜ್ಜಿ?’ ಅಂತ ಕೇಳಿ ಒಂದು ನಿಮಿಷ ಅವರ ದನಿ ರೆಕಾರ್ಡ್ ಮಾಡಿ. ಅವರು ಕೊಂಕಣಿಯಲ್ಲಿ ಹೇಳಲಿ, ನವಾಯತಿಯಲ್ಲಿ ಹೇಳಲಿ, ಹವಿಗನ್ನಡದಲ್ಲೇ ಹೇಳಲಿ. ಫೈಲಿಗೆ ಒಂದು ನಂಬರ್ ಕೊಡಿ, ಅದೇ ನಂಬರನ್ನು ಕೌದಿಯ ಹಿಂಬದಿ ದಾರದಲ್ಲಿ ಹೊಲೀರಿ. ಬಟ್ಟೆಯನ್ನು ಇನ್ನೊಂದು ವರ್ಷ ಬಿಟ್ಟೂ ವಿಂಗಡಿಸಬಹುದು. ಯಾವ ತುಂಡು ಯಾರದ್ದು ಅಂತ ಹೇಳೋರು ಆಗ ಇರ್ತಾರೋ ಇಲ್ವೋ.

ಹೊಲಿಗೆ ಬರಲ್ಲ ಅಂತೀರಾ? ಕೌದಿಗೆ ಬೇಕಿರೋದು ನೇರ ಓಡುಹೊಲಿಗೆ ಮಾತ್ರ. ದಾರ ನೀವು ಪೋಣಿಸಿ ಕೊಡಿ, ಹೇಗೆ ಅಂತ ಅವರು ತೋರಿಸ್ತಾರೆ. ಮುಂದಿನ ಕಂತಿನಲ್ಲಿ ಸಿಗೋಣ.