ಕೈಗಾ ಕಲಿಸಿದ ಕ್ರಮ



ಬ್ಯಾಂಕಿನಲ್ಲಿ ದುಡಿಯುವ ನಾವು, ಸಾಲ ಪಡೆದ ಕಾರ್ಖಾನೆ ಬೇಗ ಶುರುವಾಗಲೆಂದು ಬಯಸುವವರು. ತಡವಾದಷ್ಟೂ ಬಡ್ಡಿ ಬೆಳೆಯುತ್ತದೆ. ಆದರೆ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಈ ಆತುರ ಸಲ್ಲದು. ಕಾಳೀ ನದಿಯ ದಂಡೆಯ ನಮ್ಮ ಕೈಗಾವೇ ಇದಕ್ಕೆ ನಿದರ್ಶನ.

ಇಂತಹ ಸ್ಥಾವರದ ಕೊಳವೆಗಳಿಗೆ ಮೊದಲು ಸಾದಾ ನೀರು ತುಂಬಿ, ಒತ್ತಡ ಕೊಟ್ಟು ನೋಡಬೇಕು. ಬಳಿಕ ಪಂಪುಗಳನ್ನು ಓಡಿಸಿ, ಅದರಿಂದ ಹುಟ್ಟುವ ಶಾಖದಲ್ಲಿ ಪರೀಕ್ಷಿಸಬೇಕು. ಗುಮ್ಮಟದ ಕಟ್ಟಡದೊಳಗೆ ಗಾಳಿ ತುಂಬಿ ಸೋರಿಕೆ ಅಳೆಯಬೇಕು. ಅನಂತರವೇ ಇಂಧನ, ಭಾರಜಲ, ಸರಣಿಕ್ರಿಯೆ. ಆಮೇಲೆ ಹಂತಹಂತವಾಗಿ ಶಕ್ತಿಯ ಏರಿಕೆ. ಮುಖ್ಯ ಘಟ್ಟಗಳಿಗೆಲ್ಲ, ಈ ಮುಂಬಯಿಯಲ್ಲೇ ಕಚೇರಿಯಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು.

ಯಾವ ಪರೀಕ್ಷೆ ಮೊದಲು, ಯಾವುವು ಜೊತೆಯಾಗಿ ನಡೆಯಬಹುದು, ಒಂದು ಕೆಟ್ಟರೆ ಯಾವುವು ನಿಲ್ಲಬೇಕು ಎಂಬುದನ್ನು ಮುಂಚೆಯೇ ಗೊತ್ತುಮಾಡಿರಬೇಕು. ಏಕೆಂದರೆ ಇಂಧನ ತುಂಬುವ ಮುಂಚೆ ಕಂಡ ದೋಷವನ್ನು ಹತ್ತಿರ ಹೋಗಿ ತಿದ್ದಬಹುದು. ಸರಣಿಕ್ರಿಯೆ ನಡೆದ ಮೇಲೆ ವಿಕಿರಣ ಅಡ್ಡ ನಿಲ್ಲುತ್ತದೆ.

1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದ ಒಂದನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ವಿನ್ಯಾಸ ತಿದ್ದಿ ಮತ್ತೆ ಕಟ್ಟಬೇಕಾಯಿತು. ಸರಣಿಕ್ರಿಯೆ ಆರಂಭವಾದದ್ದು 2000ದ ಸೆಪ್ಟೆಂಬರ್ 26ರಂದು. ಆಗಲೂ ವಾಣಿಜ್ಯ ಉತ್ಪಾದನೆಗೆ ಮತ್ತೆ 51 ದಿನ ಕಾಯಬೇಕಾಯಿತು. ಅದೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದು ಅಂದಿನ ವಿಶ್ವದಾಖಲೆ ಸ್ಥಾಪಿಸಿತು.

ಆದುದರಿಂದ ಬಂಧುಗಳೇ, ಪರೀಕ್ಷೆಗೆ ಕೊಟ್ಟ ದಿನಗಳನ್ನು ನಾವು ನಷ್ಟದ ಕಡೆಗೆ ಬರೆಯದಿರೋಣ. ಅವು ಮೂಲಧನ. ಅಲ್ಲಿ ನೆರೆಯಲ್ಲಿ ಬಾಳುವವರ ನೆಮ್ಮದಿಯೂ ಅದರಲ್ಲಿ ಸೇರಿದೆ.