ಭಾರತ ಮತ್ತು ಚೀನ ದೇಶಗಳ ಬಟ್ಟೆಯ ಉದ್ಯಮ

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಈ ಮೇಜಿನ ಮೇಲೆ ಎರಡು ಹೊದಿಕೆಗಳನ್ನು ಇರಿಸಿದ್ದೇನೆ. ಒಂದು ನಮ್ಮ ಸೊಲ್ಲಾಪುರದ ಹತ್ತಿಯ ಚಾದರ. ಅಂಚಿನ ಉದ್ದಕ್ಕೂ ನವಿಲುಗಳ ಸಾಲು. ಇನ್ನೊಂದು ಪಾಲಿಯೆಸ್ಟರ್ ಎಳೆಯ ಮೆತ್ತನೆಯ ಹೊದಿಕೆ. ಬಂಧುಗಳ ಮನೆಯ ಮದುವೆಯಲ್ಲಿ ನನಗೆ ಉಡುಗೊರೆಯಾಗಿ ಬಂದುದು. ಅದರ ಮೂಲೆಯ ಚೀಟಿಯಲ್ಲಿ ಚೀನ ದೇಶದ ಹೆಸರಿದೆ. ಸಭೆ ಕೂಡುವುದಕ್ಕೆ ಮೊದಲು ಮುಂದಿನ ಸಾಲಿನ ಹುಡುಗರನ್ನು ಕರೆದು, ಇವೆರಡರಲ್ಲಿ ಯಾವುದು ಬೇಕೆಂದು ಕೇಳಿದೆನು. ಎಲ್ಲರೂ ಮೆತ್ತನೆಯದನ್ನೇ ತೋರಿಸಿದರು. ನಾನು ಅವರನ್ನು ಬೈಯಲಿಲ್ಲ. ಮಾಘದ ಚಳಿಯಲ್ಲಿ ನಾನೂ ಅದನ್ನೇ ಹೊದೆಯುತ್ತೇನೆ. ಆದರೆ ಆ ಹುಡುಗರಲ್ಲಿ ಹಲವರ ತಂದೆಯರು ಮೊದಲನೆಯದನ್ನು ನೇಯ್ದು ಸಂಸಾರ ನಡೆಸುವವರು. ಆದ್ದರಿಂದ ಈ ಎರಡನೆಯ ಹೊದಿಕೆಯ ಹಿಂದಿರುವ ಕಥೆಯನ್ನು ನಾವು ಅರಿತುಕೊಳ್ಳುವುದು ಅವಶ್ಯವೆಂದು ನನಗೆ ತೋರಿತು.

ಚೀನವು ನಮ್ಮ ಊರಿಗೆ ತೀರ ಪರಕೀಯವಾದ ನಾಡಲ್ಲ. 1910ರಲ್ಲಿ ಇದೇ ಸೊಲ್ಲಾಪುರದಲ್ಲಿ ಹುಟ್ಟಿದ ಡಾಕ್ಟರ್ ದ್ವಾರಕಾನಾಥ ಕೋಟಣೀಸರು 1938ರಲ್ಲಿ ಭಾರತೀಯ ವೈದ್ಯರ ತಂಡದೊಡನೆ ಅಲ್ಲಿಗೆ ತೆರಳಿ, ಯುದ್ಧದಲ್ಲಿ ಗಾಯಗೊಂಡವರ ಸೇವೆ ಮಾಡುತ್ತ 1942ರಲ್ಲಿ ಅಲ್ಲಿಯೇ ದೇಹವಿಟ್ಟರು. ಆದರೆ ಅವರಿಗಿಂತ ಬಹಳ ಮೊದಲೇ ನಮ್ಮ ನೂಲು ಆ ನಾಡನ್ನು ಮುಟ್ಟಿತ್ತು. ಕಾವಸಜಿ ನಾನಾಭಾಯಿ ದಾವರ ಎಂಬ ಪಾರಸೀ ವರ್ತಕರು 1854ರಲ್ಲಿ ಮುಂಬಯಿಯಲ್ಲಿ ಹತ್ತಿಯ ಗಿರಣಿಯ ಕಂಪನಿಯನ್ನು ಸ್ಥಾಪಿಸಿದರು. ಚೀನದ ಮೊದಲ ಯಂತ್ರದ ಗಿರಣಿಯು ಶಾಂಘಾಯಿಯಲ್ಲಿ ಕೆಲಸಕ್ಕೆ ತೊಡಗಿದ್ದು 1890ರಲ್ಲಿ. ಆ ನಡುವಣ ಕಾಲದಲ್ಲಿ ಮುಂಬಯಿಯ ಗಿರಣಿಗಳ ನೂಲು ಹಡಗುಗಳಲ್ಲಿ ಚೀನಕ್ಕೆ ಹೋಗುತ್ತಿತ್ತು. ಅಲ್ಲಿಯ ಹಳ್ಳಿಗಳ ಕೈಮಗ್ಗಗಳಲ್ಲಿ ಬಟ್ಟೆಯಾಗುತ್ತಿತ್ತು. ತರುವಾಯ ಜಪಾನದ ನೂಲು ನಮ್ಮದನ್ನು ಆ ಪೇಟೆಯಿಂದ ಹೊರದೂಡಿತು.

ಚೀನದ ಮೊದಲಿನ ಗಿರಣಿ ಮಾಲೀಕರಲ್ಲಿ ಒಬ್ಬರ ವಿಷಯವನ್ನು ಶಾಲೆಯ ಮಕ್ಕಳಿಗೆ ಹೇಳಲೇಬೇಕು. ಅವರ ಹೆಸರು ಜಾಂಗ್ ಜಿಯಾನ್. 1894ರಲ್ಲಿ ಅಲ್ಲಿಯ ಅರಸೊತ್ತಿಗೆಯ ಮಹಾಪರೀಕ್ಷೆಯಲ್ಲಿ ಇಡೀ ದೇಶಕ್ಕೆ ಮೊದಲಿಗರಾದ ಪಂಡಿತರು ಅವರು. ದೊಡ್ಡ ಅಧಿಕಾರ ಕಾದಿದ್ದರೂ ಅದನ್ನು ಬಿಟ್ಟು ತಮ್ಮ ಸೀಮೆಯಾದ ನಾನ್‌ತೊಂಗಿಗೆ ಮರಳಿ ನೂಲಿನ ಗಿರಣಿಯನ್ನು ಕಟ್ಟಿದರು. 1899ರಲ್ಲಿ ಅದು ನಡೆಯತೊಡಗಿತು. ಮೂರು ವರ್ಷಗಳ ಬಳಿಕ, 1902ರಲ್ಲಿ, ಅದೇ ಊರಲ್ಲಿ ಶಿಕ್ಷಕರ ತರಬೇತಿ ಶಾಲೆಯನ್ನು ಸ್ಥಾಪಿಸಿದರು. ಬಿ.ಎಡ್. ಮಾಡಿದ ನನಗೆ ಈ ಎರಡನೆಯ ಸಂಗತಿಯೇ ಹೆಚ್ಚು ಮೆಚ್ಚಿಕೆಯಾದರೆ ಪಾಲಕರು ಮನ್ನಿಸಬೇಕು. ಏಕೆ ಮೆಚ್ಚಿದೆನೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಎರಡೂ ದೇಶಗಳು ಹೊಸದಾಗಿ ಬಾಳು ಆರಂಭಿಸಿದಾಗ ಮುಂದಿದ್ದವರು ನಾವು. 1949ರಲ್ಲಿ ಚೀನದಲ್ಲಿ ಸುಮಾರು 50 ಲಕ್ಷ ಕದಿರುಗಳಿದ್ದವು. ನಮ್ಮಲ್ಲಿ ಅದರ ಇಮ್ಮಡಿ, ಅಂದರೆ ಒಂದು ಕೋಟಿಯಷ್ಟು. ಇಂದು ಏನಾಗಿದೆ ನೋಡಿರಿ. 2023ರಲ್ಲಿ ಚೀನವು ಸುಮಾರು 29,000 ಕೋಟಿ ಡಾಲರುಗಳ ಬಟ್ಟೆ ಮತ್ತು ಉಡುಪುಗಳನ್ನು ಹೊರನಾಡುಗಳಿಗೆ ಕಳಿಸಿತು. ನಾವು ಕಳಿಸಿದ್ದು ಸುಮಾರು 3,500 ಕೋಟಿ ಡಾಲರುಗಳದು. ಹತ್ತಿ ನಮ್ಮಲ್ಲಿ ಬೆಳೆಯುತ್ತದೆ, ದುಡಿಯುವ ಕೈಗಳಿಗೆ ಕೊರತೆಯಿಲ್ಲ, ಕುಶಲತೆಯಂತೂ ಸಾವಿರಾರು ವರ್ಷಗಳದು. ಹಾಗಾದರೆ ಹಿಂದೆ ಬಿದ್ದುದೇಕೆ?

ನಮ್ಮ ನಾಯಕರು ಕೈಮಗ್ಗದವನನ್ನು ಉಳಿಸಬೇಕೆಂದು ಮನಸಾರೆ ಬಯಸಿದರು. ಅದಕ್ಕಾಗಿ 1956ರಿಂದ ದೊಡ್ಡ ಗಿರಣಿಗಳು ಹೊಸ ಮಗ್ಗಗಳನ್ನು ಹೂಡದಂತೆ ತಡೆದರು. ಉಡುಪು ಹೊಲಿಯುವ ಕೆಲಸವನ್ನು ಸಣ್ಣ ಕಾರಖಾನೆಗಳಿಗೆ ಮೀಸಲಿಟ್ಟರು. ಆ ಮೀಸಲು 2000ದ ವರೆಗೂ ಉಳಿದಿತ್ತು. ಉದ್ದೇಶ ಒಳ್ಳೆಯದೇ. ಆದರೆ ಫಲವು ಎಣಿಸಿದಂತಾಗಲಿಲ್ಲ. ಗಿರಣಿಯು ಬಿಟ್ಟ ಜಾಗವನ್ನು ಕೈಮಗ್ಗವು ತುಂಬದೆ, ಇಚಲಕರಂಜಿ, ಭಿವಂಡಿ, ಮಾಲೇಗಾವ, ನಮ್ಮ ಸೊಲ್ಲಾಪುರ ಮುಂತಾದೆಡೆಗಳಲ್ಲಿ ಎದ್ದ ವಿದ್ಯುತ್ ಮಗ್ಗಗಳು ತುಂಬಿದವು. ನಾಲ್ಕು ಮಗ್ಗ, ಎಂಟು ಮಗ್ಗ, ತಗಡಿನ ಮಾಡು, ಹನ್ನೆರಡು ಗಂಟೆಯ ಪಾಳಿ. ಅಲ್ಲಿಯ ದುಡಿಮೆಯನ್ನು ನಿಮಗೆ ನಾನು ಬಣ್ಣಿಸಬೇಕಾಗಿಲ್ಲ. ಲಂಡನ್ನಿನ ಅಥವಾ ನ್ಯೂಯಾರ್ಕಿನ ಅಂಗಡಿಯವನು ಒಂದೇ ಬಣ್ಣದ, ಒಂದೇ ಅಳತೆಯ ಹತ್ತು ಲಕ್ಷ ಅಂಗಿಗಳನ್ನು ಮೂರು ತಿಂಗಳಲ್ಲಿ ಕೇಳಿದರೆ ಎಂಟು ಮಗ್ಗದವನು ಏನು ಉತ್ತರ ಕೊಟ್ಟಾನು? ಕೈಮಗ್ಗವಾದರೂ ಸತ್ತಿಲ್ಲವೆಂಬುದು ಸಮಾಧಾನ. 2019-20ರ ಗಣತಿಯಲ್ಲಿ ಅದನ್ನು ನಂಬಿದವರು 35 ಲಕ್ಷಕ್ಕೆ ಮಿಕ್ಕಿದ್ದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ನಮ್ಮ ಊರಿನ ಹಳೆಯ ಗಿರಣಿಯ ಕಥೆ ಹಿರಿಯರಿಗೆ ಗೊತ್ತು. ಅದು 1949ರಲ್ಲಿ ಬಾಗಿಲು ಮುಚ್ಚಿದಾಗ, ಕೆಲಸಗಾರರ ಗತಿಯೇನೆಂದು ಕೇಂದ್ರ ಸರಕಾರವು ಅದೊಂದಕ್ಕಾಗಿಯೇ 1950ರಲ್ಲಿ ಕಾಯಿದೆ ಮಾಡಿ ಆಡಳಿತವನ್ನು ವಹಿಸಿಕೊಂಡಿತು. ಅದರ ಮೇಲೆ ನಡೆದ ವ್ಯಾಜ್ಯಗಳನ್ನು ಇಂದಿಗೂ ಕಾನೂನು ಕಾಲೇಜುಗಳಲ್ಲಿ ಓದುತ್ತಾರೆ. ವಕೀಲರಾಗಬೇಕೆನ್ನುವ ಹುಡುಗರು ನೆನಪಿಟ್ಟುಕೊಳ್ಳಲಿ.

ಚೀನವು ಬೇರೆ ದಾರಿ ಹಿಡಿಯಿತು. ಅದೂ ಹೂವಿನ ಹಾದಿಯಾಗಿರಲಿಲ್ಲ. 1954ರಿಂದ 1983ರ ವರೆಗೆ ಅಲ್ಲಿ ಬಟ್ಟೆಗೂ ರೇಷನ್ ಚೀಟಿಯಿತ್ತು. ಹಣವಿದ್ದರೂ ಚೀಟಿ ಇಲ್ಲದೆ ಗಜ ಬಟ್ಟೆ ದೊರೆಯುತ್ತಿರಲಿಲ್ಲ. 1978ರ ಸುಧಾರಣೆಗಳ ತರುವಾಯ ಹಳ್ಳಿಹಳ್ಳಿಗಳಲ್ಲಿ ಕಾರಖಾನೆಗಳು ಎದ್ದವು. ದಾತಾಂಗ್ ಎಂಬ ಊರು ಕಾಲುಚೀಲವನ್ನೇ ಕಸುಬಾಗಿ ಮಾಡಿಕೊಂಡು ಜಗತ್ತಿಗೆಲ್ಲ ಕಾಲುಚೀಲ ತೊಡಿಸಿತು. ಹಾಂಗ್‌ಕಾಂಗಿನ ಉದ್ಯಮಿಗಳು ಗ್ವಾಂಗ್‌ಡಾಂಗ್ ಪ್ರಾಂತದಲ್ಲಿ ದೊಡ್ಡ ಹೊಲಿಗೆಯ ಕಾರಖಾನೆಗಳನ್ನು ತೆರೆದರು. ನೂಲು, ನೇಯ್ಗೆ, ಬಣ್ಣ, ಹೊಲಿಗೆ, ಗುಂಡಿ, ಜಿಪ್ಪು ಎಲ್ಲವೂ ಹತ್ತಿರ ಹತ್ತಿರದಲ್ಲೇ ದೊರೆತವು. ಜೊತೆಗೆ ಜಗತ್ತು ಹತ್ತಿಯಿಂದ ಪಾಲಿಯೆಸ್ಟರಿನ ಕಡೆಗೆ ಹೊರಳುತ್ತಿದ್ದುದನ್ನು ಅವರು ಬೇಗ ಕಂಡರು. ನಾವು ಆ ಎಳೆಯನ್ನು ಶ್ರೀಮಂತರ ಸೊತ್ತೆಂದು ಬಗೆದು ಅದರ ಮೇಲೆ ಭಾರಿ ತೆರಿಗೆ ಹೇರಿ ಕುಳಿತೆವು. ಈ ಮೆತ್ತನೆಯ ಹೊದಿಕೆಯ ಮೂಲ ಅಲ್ಲಿದೆ.

ಹತ್ತಿಯಲ್ಲಿಯೂ ಸೋಜಿಗವುಂಟು. ನಮ್ಮಷ್ಟು ವಿಸ್ತಾರವಾದ ನೆಲದಲ್ಲಿ ಹತ್ತಿ ಬೆಳೆಯುವ ದೇಶ ಬೇರೊಂದಿಲ್ಲ. ಆದರೆ ನಮ್ಮ ಹೆಕ್ಟೇರಿಗೆ ಅರಳೆ ಬರುವುದು ಸುಮಾರು 450 ಕಿಲೋ. ಅವರದು 2,000 ಕಿಲೋ. ನಮ್ಮಲ್ಲಿ ಬಹುಪಾಲು ಮಳೆಯ ಬೆಳೆ, ಅವರದು ನೀರಾವರಿ. ಅವರ ಹತ್ತಿಯ ಹತ್ತರಲ್ಲಿ ಒಂಬತ್ತು ಪಾಲು ಬೆಳೆಯುವ ಶಿಂಜಿಯಾಂಗ್ ಪ್ರಾಂತದಲ್ಲಿ ಉಯ್ಗುರ ಜನರಿಂದ ಬಲವಂತದ ದುಡಿಮೆ ಮಾಡಿಸಲಾಗುತ್ತಿದೆ ಎಂಬ ಕಾರಣದಿಂದ ಅಮೆರಿಕೆಯು 2021ರಲ್ಲಿ ಕಾಯಿದೆ ಮಾಡಿ ಅಲ್ಲಿಯ ಸರಕನ್ನು ತಡೆಯಿತು. ಚೀನದ ಸರಕಾರವು ಆ ಆರೋಪವನ್ನು ಒಪ್ಪುವುದಿಲ್ಲ. ಅಗ್ಗದ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ ಇಂಥ ಪ್ರಶ್ನೆಗಳನ್ನು ಕೇಳುವುದು ತಪ್ಪಲ್ಲ.

ಹಳೆಯ ಗಿರಣಿಗಳು ಎರಡೂ ದೇಶಗಳಲ್ಲಿ ಮುಳುಗಿದವು. ಮುಳುಗಿದ ಬಗೆ ಬೇರೆ. ಮುಂಬಯಿಯಲ್ಲಿ 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ವರ್ಷ ದಾಟಿದರೂ ಒಪ್ಪಂದವಾಗಲಿಲ್ಲ. ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ, ಎಷ್ಟೋ ಸಂಸಾರಗಳು ಬರಿಗೈಯಲ್ಲಿ ಊರಿಗೆ ಮರಳಿದವು. ಗಿರಣಿಯ ಅಂಗಳಗಳಲ್ಲಿ ಈಗ ಮಾಲುಗಳೂ ಮುಗಿಲು ಮುಟ್ಟುವ ಮನೆಗಳೂ ನಿಂತಿವೆ. ಚೀನದಲ್ಲಿ ಸರಕಾರವೇ 1998ರಲ್ಲಿ ನಷ್ಟದ ಗಿರಣಿಗಳ ಒಂದು ಕೋಟಿ ಹಳೆಯ ಕದಿರುಗಳನ್ನು ಮುರಿದುಹಾಕಲು ನಿಶ್ಚಯಿಸಿತು. ಹನ್ನೆರಡು ಲಕ್ಷ ಕೆಲಸಗಾರರನ್ನು ತೆಗೆಯುವ ಯೋಜನೆ ಅದು. ಶಾಂಘಾಯಿಯಲ್ಲಿ ಅಂಥವರಿಗೆ ಬೇರೆ ಕೆಲಸ ಹುಡುಕಿಕೊಡುವ ಕೇಂದ್ರಗಳನ್ನು 1996ರಲ್ಲಿಯೇ ತೆರೆದಿದ್ದರು. 1995ರಲ್ಲಿ ಗಿರಣಿಗಳ ಹದಿನೆಂಟು ಮಂದಿ ಹೆಂಗಸರನ್ನು ವಿಮಾನದಲ್ಲಿ ಪ್ರಯಾಣಿಕರ ಸೇವೆಗೆ ತೆಗೆದುಕೊಂಡಾಗ ಜನರು ಅವರನ್ನು ಅಕ್ಕರೆಯಿಂದ ಆಕಾಶದ ಅತ್ತಿಗೆಯರು ಎಂದು ಕರೆದರಂತೆ! ಹದಿನೆಂಟು ಮಂದಿಗೆ ಆಕಾಶ ದೊರೆಯಿತು, ನಿಜ. ಉಳಿದ ಲಕ್ಷಾಂತರ ಹೆಂಗಸರಲ್ಲಿ ಅನೇಕರಿಗೆ ಸಣ್ಣ ಅಂಗಡಿ, ಮನೆಗೆಲಸ, ಇಲ್ಲವೇ ಬರಿಯ ಕಾಯುವಿಕೆ.

ಈಗ ಶಾಲೆಯ ಮಾತಿಗೆ ಬರುತ್ತೇನೆ. ನೀತಿ, ತೆರಿಗೆ, ಯಂತ್ರ, ಬಂದರು ಇವೆಲ್ಲ ನಿಜವಾದ ಕಾರಣಗಳೇ. ಆದರೆ ಒಂದು ಕಾರಣವನ್ನು ಅರ್ಥಶಾಸ್ತ್ರಜ್ಞರಿಗಿಂತ ಮಾಸ್ತರನು ಗಟ್ಟಿಯಾಗಿ ಹೇಳಬೇಕಾಗಿದೆ. ಕಾರಖಾನೆಗಳ ಕಾಲ ಮೊದಲಾದಾಗ, 1982ರ ಗಣತಿಯಂತೆ, ಚೀನದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚಿನವರಿಗೆ ಓದು ಬರಹ ಬರುತ್ತಿತ್ತು. 1981ರ ನಮ್ಮ ಗಣತಿಯಲ್ಲಿ ಹತ್ತು ಹೆಂಗಸರಲ್ಲಿ ಓದಬಲ್ಲವರು ಮೂವರು ಮಾತ್ರ. ಒಂಬತ್ತು ವರ್ಷಗಳ ಕಡ್ಡಾಯ ಶಿಕ್ಷಣದ ಕಾಯಿದೆಯನ್ನು ಅವರು 1986ರಲ್ಲಿ ತಂದರು. ನಾವು ಅಂಥದನ್ನು ತಂದದ್ದು 2009ರಲ್ಲಿ. ಹಳ್ಳಿಯಿಂದ ಬಂದ ಹುಡುಗಿಯು ಅಳತೆಯ ಚೀಟಿಯನ್ನು ತಾನೇ ಓದಿಕೊಂಡು, ಯಂತ್ರದ ಸೂಚನೆ ತಿಳಿದು, ಎರಡು ವರ್ಷಗಳಲ್ಲಿ ಮೇಲ್ವಿಚಾರಕಿಯಾಗುವುದು ಅಂಥಲ್ಲಿ ಸಾಧ್ಯವಾಗುತ್ತದೆ. ಜಾಂಗ್ ಜಿಯಾನರು ಗಿರಣಿಯ ಬೆನ್ನಿಗೇ ಶಿಕ್ಷಕರ ಶಾಲೆಯನ್ನು ತೆರೆದುದು ನನಗೆ ಮೆಚ್ಚಿಕೆಯಾದುದು ಇದಕ್ಕಾಗಿ.

ಅವರೂ ಇದರಲ್ಲಿ ಎಡವಿದ್ದಾರೆ. ಅಲ್ಲಿಯ ಕುಟುಂಬ ದಾಖಲೆಯ ಕಟ್ಟಳೆಯಿಂದಾಗಿ, ದುಡಿಯಲು ಪಟ್ಟಣಕ್ಕೆ ಹೋದವರ ಮಕ್ಕಳಿಗೆ ಪಟ್ಟಣದ ಶಾಲೆ ಸುಲಭವಾಗಿ ದೊರೆಯಲಿಲ್ಲ. ಕೋಟಿಗಟ್ಟಲೆ ಮಕ್ಕಳು ಅಜ್ಜ ಅಜ್ಜಿಯರ ಬಳಿ ಹಳ್ಳಿಯಲ್ಲಿಯೇ ಬೆಳೆದರು, ತಾಯಿಯ ಮುಖವನ್ನು ವರ್ಷಕ್ಕೊಮ್ಮೆ ಹೊಸ ವರ್ಷದ ಹಬ್ಬಕ್ಕೆ ಕಂಡರು. ನಮ್ಮ ಸೊಲ್ಲಾಪುರದ ಮಗುವಿಗೆ ತಾಯಿ ಮನೆಯಲ್ಲಿಯೇ ಇದ್ದಾಳೆ, ಬೀಡಿ ಕಟ್ಟುತ್ತಲೋ ಟವೆಲಿನ ಅಂಚು ಹೊಲಿಯುತ್ತಲೋ. ಈ ಸೌಭಾಗ್ಯವನ್ನು ನಾನು ಕಡಿಮೆಯೆಂದು ಎಣಿಸುವುದಿಲ್ಲ.

ಕಳೆದ ಪಾಲಕರ ಸಭೆಯಲ್ಲಿ ಒಬ್ಬ ತಂದೆ ಎದ್ದು ನಿಂತು ಕೇಳಿದರು: “ಸರ್, ಎಂಟನೆತ್ತೆ ಓದಿದವನಿಗೂ ಹತ್ತನೆತ್ತೆ ಓದಿದವನಿಗೂ ಮಗ್ಗದ ಮ್ಯಾಲೆ ಪಗಾರ ಒಂದ ಐತ್ರಿ. ಮತ್ತ ಯಾಕ ಓದಿಸೂದ್ರಿ?” ಅಂದು ನನಗೆ ಉತ್ತರ ಹೊಳೆಯಲಿಲ್ಲ. ಅವರ ಮಗನು ರಾತ್ರಿಯ ಪಾಳಿಯಲ್ಲಿ ತಂದೆಗೆ ಕೈನೆರವಾಗಿ, ಬೆಳಗಿನ ಮೊದಲ ತಾಸಿನಲ್ಲಿ ಗಣಿತದ ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ರಿಸುತ್ತಿದ್ದನು. ಆ ತಂದೆಯ ಲೆಕ್ಕ ತಪ್ಪಲ್ಲ. ಇಂದಿನ ಮಗ್ಗದ ಮೇಲೆ ಪಗಾರ ಒಂದೇ. ಆದರೆ ಅಂಥ ಹಳೆಯ ಮಗ್ಗದ ಬದಲು ಲಾಳಿಯಿಲ್ಲದ ವೇಗದ ಮಗ್ಗಗಳು ಬರುತ್ತಿವೆ. ಚಿತ್ರವನ್ನು ಗಣಕಯಂತ್ರದಲ್ಲಿ ಬರೆಯುತ್ತಾರೆ. ಊರಿನಲ್ಲಿ ಶಾಲಾ ಸಮವಸ್ತ್ರ ಹೊಲಿಯುವ ಉದ್ಯಮ ಬೆಳೆಯುತ್ತಿದೆ. ಅಲ್ಲಿ ಅಳತೆ ತೆಗೆಯುವವನಿಗೂ ಕಾಗದ ಓದಿ ಮಾಲು ಕಳಿಸುವವನಿಗೂ ಪಗಾರ ಒಂದೇ ಆಗಿರದು. ಈ ಉತ್ತರವನ್ನು ನಾನು ತಡವಾಗಿ ಅವರ ಮನೆಗೇ ಹೋಗಿ ಹೇಳಿದೆನು. ಅವರು ಪೂರ್ತಿ ಒಪ್ಪಲಿಲ್ಲ. “ನೋಡೂಣ್ರಿ ಸರ್” ಎಂದರು. ಹುಡುಗನನ್ನು ಮಾತ್ರ ರಾತ್ರಿಯ ಪಾಳಿಯಿಂದ ಬಿಡಿಸಿದರು. ಈ ಸಭೆಯಲ್ಲಿ ಅವರೂ ಇದ್ದಾರೆ, ಹುಡುಗನೂ ಇದ್ದಾನೆ; ಮೆತ್ತನೆಯ ಹೊದಿಕೆಯನ್ನು ಎಲ್ಲರಿಗಿಂತ ಮೊದಲು ತೋರಿಸಿದವನು ಅವನೇ.

ಬರುವ ಸೋಮವಾರದಿಂದ ಸಂಜೆ ಏಳರಿಂದ ಒಂಬತ್ತರ ವರೆಗೆ ಶಾಲೆಯ ಎರಡು ಕೋಣೆಗಳನ್ನು ತೆರೆದಿಡಲು ಸಂಸ್ಥೆಯವರು ಒಪ್ಪಿದ್ದಾರೆ. ಮನೆಯಲ್ಲಿ ಮಗ್ಗದ ಸದ್ದಿನಿಂದ ಓದಲಾಗದ ಮಕ್ಕಳು ಬಂದು ಕೂಡಬಹುದು. ದೀಪವಿರುತ್ತದೆ, ಒಬ್ಬ ಶಿಕ್ಷಕರೂ ಇರುತ್ತಾರೆ. ಹೆಸರು ಬರೆಯಿಸುವವರು ಸಭೆ ಮುಗಿದ ಮೇಲೆ ಆಫೀಸಿನ ಕೋಣೆಯಲ್ಲಿ ನನ್ನನ್ನು ಕಾಣಬೇಕು.