ಸ್ಪ್ಯಾನರ್ ಹಿಡಿದ ಕೈಗೆ ಟೆಸ್ಟರ್ ಕೊಡುವ ಮೊದಲು
(ಜುಬೈಲ್‌ನಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)

 

ಲೆಕ್ಕ ಬರೆಯುವ ನಾವು ಕರೆಂಟಿನ ಬಗ್ಗೆ ಮಾತಾಡುವುದು ಎಂತಕ್ಕೆ ಅಂತ ನಿಮಗೆ ಅನಿಸಬಹುದು. ಕಾರಣ ಉಂಟು. ಮೆಂಟೆನೆನ್ಸ್ ಕೆಲಸದ ಖರ್ಚಿನ ಕಾಗದಗಳು ನಮ್ಮ ಮೇಜಿನ ಮೇಲೆ ಬರುತ್ತವೆ. ಈಗ ಎಷ್ಟೋ ಕಡೆ ಒಂದು ಕೆಲಸಕ್ಕೆ ಇಬ್ಬರನ್ನು ಕಳಿಸುವುದಿಲ್ಲ. ಪಂಪ್ ಹಾಳಾದರೆ ಫಿಟ್ಟರೇ ಹೋಗಿ ಮೋಟಾರಿನ ವಯರ್ ಬಿಚ್ಚಬೇಕು, ಪಂಪ್ ಸರಿ ಮಾಡಬೇಕು, ವಯರ್ ಪುನಃ ಕೊಡಬೇಕು. ಇದಕ್ಕೆ 'ಮಲ್ಟಿ ಸ್ಕಿಲ್' ಅಂತ ಹೆಸರು. ಕಂಪನಿಗೆ ಒಂದು ಸಂಬಳ ಉಳಿಯಿತು. ಫಿಟ್ಟರಿಗೂ ಹೊಸ ವಿದ್ಯೆ ಸಿಕ್ಕಿತು. ಅದು ತಪ್ಪು ಅಂತ ನಾವು ಹೇಳುವುದಿಲ್ಲ. ಆದರೆ ಉಳಿದ ಆ ಸಂಬಳದಲ್ಲಿ ತರಬೇತಿಗೆ ಎಷ್ಟು ಹೋಯಿತು ಅಂತ ಕೇಳಬೇಕಲ್ವಾ?

ಊರಿನಲ್ಲಿ ಐ.ಟಿ.ಐ.ಯ ಫಿಟ್ಟರ್ ಕೋರ್ಸ್ 2 ವರ್ಷ, ಎಲೆಕ್ಟ್ರಿಷಿಯನ್ ಕೋರ್ಸ್ ಬೇರೆಯೇ 2 ವರ್ಷ. ಆ ಎರಡನೆಯ 2 ವರ್ಷವನ್ನು ಅರ್ಧ ದಿನದ ಕ್ಲಾಸಿನಲ್ಲಿ ಮುಗಿಸಿ, ರಿಜಿಸ್ಟರಿನಲ್ಲಿ ಸಹಿ ತೆಗೆದುಕೊಂಡರೆ ಅದು ತರಬೇತಿ ಅಲ್ಲ.

ಮೆಕ್ಯಾನಿಕಲ್ ಕೆಲಸದಲ್ಲಿ ಅಪಾಯ ಹೆಚ್ಚಾಗಿ ಗೊತ್ತಾಗುತ್ತದೆ. ಶಾಫ್ಟ್ ತಿರುಗುವುದು ಕಾಣುತ್ತದೆ, ಬೇರಿಂಗ್ ಹೋದರೆ ಶಬ್ದ ಬರುತ್ತದೆ, ಪೈಪ್ ಬಿಸಿಯಾದರೆ ಹತ್ತಿರ ಹೋದಾಗಲೇ ತಿಳಿಯುತ್ತದೆ. ಕರೆಂಟ್ ಇರುವ ತಂತಿಯೂ ಇಲ್ಲದ ತಂತಿಯೂ ನೋಡಲಿಕ್ಕೆ ಒಂದೇ ಥರ. ಹಾಗಾಗಿ ಫಿಟ್ಟರಿಗೆ ಮೊದಲು ಕಲಿಸಬೇಕಾದದ್ದು ವಯರ್ ಜೋಡಿಸುವುದನ್ನಲ್ಲ. ಕರೆಂಟ್ ಇಲ್ಲ ಅಂತ ಖಚಿತ ಮಾಡಿಕೊಳ್ಳುವುದನ್ನು.

ಒಂದು ಸಣ್ಣ ಲೆಕ್ಕ ನೋಡಿ. ಬೆವರಿದ ಮೈಯ ರೆಸಿಸ್ಟೆನ್ಸ್ ಸುಮಾರು 1000 ಓಮ್ ಅಂತ ಇಟ್ಟುಕೊಳ್ಳಿ. 230 ವೋಲ್ಟ್ ತಾಗಿದರೆ ಮೈಯಲ್ಲಿ ಹರಿಯುವುದು 230 ಮಿಲಿ ಆಂಪಿಯರ್. ಜೀವ ಉಳಿಸಲಿಕ್ಕೆ ಹಾಕುವ ಆರ್.ಸಿ.ಡಿ. 30 ಮಿಲಿ ಆಂಪಿಯರಿಗೇ ಟ್ರಿಪ್ ಆಗಬೇಕು. ಸಾದಾ ಎಂ.ಸಿ.ಬಿ. 16 ಆಂಪಿಯರಿನದ್ದಾದರೆ ಈ 230 ಮಿಲಿ ಅದರ ಗಮನಕ್ಕೇ ಬರುವುದಿಲ್ಲ. 'ಬ್ರೇಕರ್ ಉಂಟಲ್ಲ' ಅಂತ ಧೈರ್ಯ ಮಾಡುವವರು ಈ ಲೆಕ್ಕ ನೆನಪಿಡಬೇಕು.

ಹಾಗಾದರೆ ಖಚಿತ ಮಾಡಿಕೊಳ್ಳುವುದು ಹೇಗೆ? ಸ್ಟಾಪ್ ಬಟನ್ ಒತ್ತಿದರೆ ಮೋಟಾರು ನಿಲ್ಲುತ್ತದೆ, ಸಪ್ಲೈ ಹೋಗುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಕೂಡ ಹಾಗೆಯೇ. ಆಟೋದಲ್ಲಿರುವ ಪಂಪನ್ನು ಟ್ಯಾಂಕಿನ ಫ್ಲೋಟ್ ಸ್ವಿಚ್ ಯಾವಾಗ ಬೇಕಾದರೂ ಚಾಲೂ ಮಾಡಬಹುದು. ಐಸೊಲೇಟರ್ ಆಫ್ ಮಾಡಬೇಕು, ಅದಕ್ಕೆ ಬೀಗ ಹಾಕಬೇಕು, ಹೆಸರಿನ ಟ್ಯಾಗ್ ಕಟ್ಟಬೇಕು. ಕೆಲಸ ಮಾಡುವವನದ್ದೇ ಬೀಗ, ಕೀಲಿ ಅವನ ಜೇಬಿನಲ್ಲೇ. ನಾಲ್ಕು ಜನ ಇದ್ದರೆ ನಾಲ್ಕು ಬೀಗ.

ಆಮೇಲೆ ಟೆಸ್ಟ್. ಸ್ಕ್ರೂಡ್ರೈವರ್ ಟೆಸ್ಟರ್ ಸಾಲದು. ಎರಡು ಪ್ರೋಬ್ ಇರುವ ಸರಿಯಾದ ವೋಲ್ಟೇಜ್ ಟೆಸ್ಟರ್ ಬೇಕು. ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಅದನ್ನು ಪರೀಕ್ಷಿಸಿ. ಮತ್ತೆ ಕೆಲಸದ ಜಾಗದಲ್ಲಿ ನೋಡಿ: ಮೂರು ಫೇಸ್ ಒಂದಕ್ಕೊಂದು, ಪ್ರತಿ ಫೇಸ್ ಅರ್ತಿಗೆ, ಒಟ್ಟು 6 ಸಲ. ಕೊನೆಗೆ ಪುನಃ ಕರೆಂಟ್ ಇರುವ ಕಡೆ ನೋಡಿ. ನಡುವೆ ಟೆಸ್ಟರೇ ಕೆಟ್ಟಿದ್ದರೆ ಅದು ತೋರಿಸುವ ಸೊನ್ನೆಗೆ ಬೆಲೆ ಇಲ್ಲ. ತಾಳೆ ನೋಡದ ಲೆಕ್ಕವನ್ನು ನಾವು ಒಪ್ಪುವುದಿಲ್ಲ. ನೀವೂ ಒಪ್ಪಬೇಡಿ.

ಇಷ್ಟು ಮಾಡಿದರೂ ಅಡಗಿ ಕೂತಿರುವ ಕರೆಂಟ್ ಉಂಟು. ದೊಡ್ಡ ಮೋಟಾರಿನ ಒಳಗೆ ತೇವ ಹಿಡಿಯದಂತೆ ಹೀಟರ್ ಇರುತ್ತದೆ. ಅದರ ಸಪ್ಲೈ ಬೇರೆ, ಮೋಟಾರು ನಿಂತಾಗಲೇ ಅದು ಆನ್ ಆಗುವುದು. ವಿ.ಎಫ್.ಡಿ. ಡ್ರೈವಿನ ಕೆಪಾಸಿಟರಿನಲ್ಲಿ ಆಫ್ ಮಾಡಿದ ಮೇಲೂ ಚಾರ್ಜ್ ಉಳಿಯುತ್ತದೆ. ಡ್ರೈವಿನ ಮೇಲೆ ಎಷ್ಟು ನಿಮಿಷ ಕಾಯಬೇಕು ಅಂತ ಬರೆದಿರುತ್ತಾರೆ, ಅಷ್ಟು ಕಾಯಲೇಬೇಕು. ಎ.ಸಿ.ಯ ಹೊರಗಿನ ಯೂನಿಟ್ಟಿನ ಕೆಪಾಸಿಟರೂ ಹಾಗೆಯೇ.

ಊರಿನಿಂದ ಹೊಸತಾಗಿ ಬಂದವರಿಗೆ ಇನ್ನೊಂದು ಮಾತು. ನಮ್ಮಲ್ಲಿ ಮನೆಯ ಪ್ಲಗ್ಗಿನಲ್ಲಿ ಒಂದು ಫೇಸ್, ಒಂದು ನ್ಯೂಟ್ರಲ್. ಸೌದಿಯ ಹಳೆಯ ಕಟ್ಟಡಗಳಲ್ಲಿ ಇನ್ನೂ 127/220 ವೋಲ್ಟಿನ ವಯರಿಂಗ್ ಸಿಗುತ್ತದೆ. ಅಲ್ಲಿ 220ರ ಎರಡೂ ತಂತಿ ಫೇಸೇ. ಒಂದನ್ನು ಮಾತ್ರ ಆಫ್ ಮಾಡಿದರೆ ಇನ್ನೊಂದರಲ್ಲಿ 127 ವೋಲ್ಟ್ ಕಾದಿರುತ್ತದೆ. ಊರಿನ ಅಭ್ಯಾಸ ಇಲ್ಲಿ ನಡೆಯುವುದಿಲ್ಲ ಮಾರಾಯ್ರೇ.

ಒಳ್ಳೆಯ ತರಬೇತಿಯಲ್ಲಿ ಕೆಲಸದ ಪಟ್ಟಿ ಇರುತ್ತದೆ. ಮೋಟಾರು ಬಿಚ್ಚಿ ಅದೇ ಥರ ಜೋಡಿಸುವುದು, ಅರ್ತ್ ವಯರ್ ಮರೆಯದೆ ಕೊಡುವುದು, ಪಂಪ್ ಯಾವ ಕಡೆ ತಿರುಗುತ್ತದೆ ಅಂತ ನೋಡುವುದು ಫಿಟ್ಟರಿಗೆ ಸರಿ. ಪ್ಯಾನೆಲ್ ಒಳಗೆ ದೋಷ ಹುಡುಕುವುದು, ಕರೆಂಟ್ ಇರುವಾಗಲೇ ಕೈ ಹಾಕುವುದು ಅವನ ಕೆಲಸ ಅಲ್ಲ, ಎಲೆಕ್ಟ್ರಿಷಿಯನ್ ಬರಬೇಕು. ಯಾವುದು ಮಾಡಬಹುದು, ಯಾವುದು ಕೂಡದು ಅನ್ನುವುದು ಬರಹದಲ್ಲಿರಬೇಕು. ಕೈಯಲ್ಲಿ ಮಾಡಿ ತೋರಿಸಿದ ಮೇಲೆ, ಅನುಭವಿ ಎಲೆಕ್ಟ್ರಿಷಿಯನ್ನಿನ ಕಣ್ಣೆದುರು ಕೆಲವು ಸಲ ಮಾಡಿದ ಮೇಲೆ, ಮತ್ತೆ ಅನುಮತಿ.

ಭಾಷೆಯ ವಿಷಯವೂ ಉಂಟು. ಇಂಗ್ಲಿಷಿನಲ್ಲಿ ಹೇಳಿದ್ದು ಅರ್ಥ ಆಗದಿದ್ದರೆ ತಲೆ ಆಡಿಸಬೇಡಿ, ಸಹಿಯನ್ನೂ ಹಾಕಬೇಡಿ. 'ನಮಗೆ ಇನ್ನೊಂದು ಸಲ ಹೇಳಿ' ಅಂತ ಕೇಳುವುದರಲ್ಲಿ ನಾಚಿಕೆ ಇಲ್ಲ. ಆ ಸಹಿಯ ಅರ್ಥ 'ನನಗೆ ಎಲ್ಲ ಗೊತ್ತು' ಅಂತ. ನಾಳೆ ಏನಾದರೂ ಆದರೆ ಮೊದಲು ತೆಗೆಯುವುದು ಅದೇ ರಿಜಿಸ್ಟರ್.

ಇನ್ನು ನಮ್ಮ ಕಡೆಯ ವಿಷಯ. ವಿದೇಶಿ ಕಾರ್ಮಿಕರ ಕೆಲಸದ ಅಪಘಾತದ ವಿಮೆಗಾಗಿ ಇಲ್ಲಿ ಕಂಪನಿ ಗೋಸಿಗೆ ವೇತನದ ಶೇಕಡಾ 2 ಕಟ್ಟಬೇಕು. ಅದು ನಿಮ್ಮ ಸಂಬಳದಿಂದ ಕಡಿಯುವ ಹಣ ಅಲ್ಲ. ನಿಮ್ಮ ಹೆಸರು ಅಲ್ಲಿ ಉಂಟಾ ಅಂತ ನೋಡಿಕೊಳ್ಳಿ. ಸಣ್ಣ ಶಾಕ್ ಹೊಡೆದರೂ ಅವತ್ತೇ ಬರಹದಲ್ಲಿ ತಿಳಿಸಿ, ಡಾಕ್ಟರಿಗೆ ತೋರಿಸಿ. 'ಎಂತ ಆಗಿಲ್ಲ' ಅಂತ ರೂಮಿಗೆ ಹೋಗಿ ಮಲಗಬೇಡಿ.

ಸಹೋದರರೇ, ಬೀಗ ಹಾಕಿ ಟೆಸ್ಟ್ ಮಾಡಲಿಕ್ಕೆ ಹತ್ತು ನಿಮಿಷ ಬೇಕು. ಫೋರ್‌ಮನ್ ಅವಸರ ಮಾಡಬಹುದು. ಆ ಹತ್ತು ನಿಮಿಷ ಕೇಳಿದ್ದಕ್ಕೆ ಯಾರಿಗಾದರೂ ತೊಂದರೆ ಆದರೆ ನಮ್ಮ ಹತ್ತಿರ ಬಂದು ಹೇಳಿ, ಕಂಪನಿಗೆ ಕಾಗದ ಬರೆಯುವ ಕೆಲಸ ನಾವು ಮಾಡುತ್ತೇವೆ. ಟೆಸ್ಟರ್ ಮಾತ್ರ ನೀವೇ ಹಿಡಿಯಬೇಕು.